ತೋಟಾ ಮನೆಯಲ್ಲೇ ತುಂಬಬಹುದಾ? ಬಂದೂಕು ರಿಪೇರಿಯವರ ಜೊತೆ ಪ್ರಶ್ನೋತ್ತರ

ಮೈಸೂರು–ಮಂಡ್ಯ ಲೈಸೆನ್ಸ್‌ದಾರರ ಗುಂಪು. ಉತ್ತರಿಸುತ್ತಿರುವವರು ಮೈಸೂರಿನ ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರು.

ಮದ್ದೂರು: ನಮಸ್ಕಾರ ಸಾರ್. ನನ್ನ ಭಾವಮೈದ ಅಮೆರಿಕದಲ್ಲಿದ್ದಾನೆ. ಬಿಡುವಿದ್ದಾಗ ತನ್ನ ರಿವಾಲ್ವರ್‌ನಲ್ಲಿ ಹೊಡೆದ ತೋಟಾದ ಕೇಸ್‌ಗೆ (ಲೋಹದ ಖಾಲಿ ಕವಚ) ಮತ್ತೆ ಮದ್ದು, ಗುಂಡು ತುಂಬಿ ತಾನೇ ತೋಟಾ ಮಾಡಿಕೊಳ್ಳುತ್ತಾನೆ. ಇಲ್ಲಿ ತೋಟಾ ಬೆಲೆ ಜಾಸ್ತಿ. ನನ್ನ .32 ರಿವಾಲ್ವರ್‌ನ ಖಾಲಿ ಕೇಸ್‌ಗಳು ಹಾಗೇ ಇವೆ. ನಾನೂ ತುಂಬಬಹುದಾ?

ರಿಪೇರಿಯವರು: ಬೇಡ. ಅಲ್ಲಿ ಸ್ವಂತ ಬಳಕೆಗೆ ತುಂಬಿಕೊಂಡರೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಾಗಿಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಸಲು ಬೇರೆಯದೇ ಲೈಸೆನ್ಸ್ ಬೇಕು. ನಿಮ್ಮದು ಇಟ್ಟುಕೊಳ್ಳುವ ಲೈಸೆನ್ಸ್ ಅಷ್ಟೆ. 2019ರ ತಿದ್ದುಪಡಿ ಆದಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು.

ಕುವೆಂಪುನಗರ: ಒಂದು ಮೆಸೇಜ್ ಬಂದಿದೆ ಸಾರ್. ತೇವ ಹಿಡಿಯದಂತೆ ತೋಟಾಗೆ ಕೊಬ್ಬರಿ ಎಣ್ಣೆ ಸವರಬೇಕಂತೆ. ಹಿಡಿದಿದ್ದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಬೇಕಂತೆ.

ರಿಪೇರಿಯವರು: ಎರಡನ್ನೂ ಮಾಡಬೇಡಿ. ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಇರುತ್ತದಲ್ಲ, ಅದರ ಸಂದಿಯಲ್ಲಿ ಎಣ್ಣೆ ಇಳಿದರೆ ತೋಟಾ ಸಿಡಿಯದೇ ಹೋಗಬಹುದು. ಒಲೆ ಹತ್ತಿರವಂತೂ ತರಲೇಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಇಷ್ಟೇ ಸಾಕು.

ಪಾಂಡವಪುರ: ಅಣ್ಣಾ, ಅರ್ಜೆಂಟ್. ನನ್ನದು .38. ಸ್ನೇಹಿತರು ಕೊಟ್ಟ ತೋಟಾ, ಯಾರೋ ಮರುತುಂಬಿದ್ದಂತೆ. ಬೆಳಿಗ್ಗೆ ರೇಂಜ್‌ನಲ್ಲಿ ಒಂದು ಬರೀ ಟುಸ್ ಅಂತು. ಬೋರ್ಡ್‌ನಲ್ಲಿ ತೂತಿಲ್ಲ. ತೋಟಾ ಎಲ್ಲಾ ತೆಗೆದಿದ್ದೇನೆ. ಇನ್ನೊಂದು ಹಾಕಿ ನೋಡಲಾ?

ರಿಪೇರಿಯವರು: ಬೇಡ, ಬೇಡ! ಗುಂಡು ನಳಿಕೆಯೊಳಗೇ ಕೂತಿರಬಹುದು. ಕೇಸ್‌ಗೆ ಮದ್ದು ಹಾಕುವುದು ಮರೆತರೂ ಪ್ರೈಮರ್ ಒಂದೇ ಗುಂಡನ್ನು ನಳಿಕೆಗೆ ತಳ್ಳಬಲ್ಲದು. ಆಚೆಗೆ ಹಾಕುವಷ್ಟು ಶಕ್ತಿ ಅದಕ್ಕಿಲ್ಲ. ಅದರ ಹಿಂದೆ ಇನ್ನೊಂದು ಹೊಡೆದರೆ ಒತ್ತಡಕ್ಕೆ ದಾರಿ ಇರುವುದಿಲ್ಲ, ನಳಿಕೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಅದನ್ನು ಹಿಡಿದಿರುವುದು ನಿಮ್ಮ ಕೈ, ಹಿಂದೆ ಇರುವುದು ನಿಮ್ಮ ಮುಖ.

.38 ಸ್ಪೆಷಲ್ ಆದರೆ ನನಗೆ ಭಯ ಇನ್ನೂ ಜಾಸ್ತಿ. ಅದರ ಕೇಸ್ 1890ರ ದಶಕದ್ದು, ಜಾಗ ಜಾಸ್ತಿ ಬೇಕಿದ್ದ ಹಳೆಯ ಕಪ್ಪು ಮದ್ದಿಗೆ ತಕ್ಕ ಉದ್ದ. ಈಗಿನ ಹೊಗೆಯಿಲ್ಲದ ಮದ್ದು ಅದರೊಳಗೆ ಸ್ವಲ್ಪವೇ ಜಾಗ ಹಿಡಿಯುತ್ತದೆ. ಹಾಗಾಗಿ ಮದ್ದು ಎರಡು ಸಲ ಬಿದ್ದರೂ ಉಕ್ಕಿ ಬರುವುದಿಲ್ಲ. ತುಂಬಿದವನ ಕೈ ಒಂದರಲ್ಲಿ ತಪ್ಪಿದೆ. ಅದೇ ಡಬ್ಬಿಯ ಬೇರೆ ತೋಟಾದಲ್ಲಿ ಎರಡು ಪಾಲು ಇಲ್ಲ ಅಂತ ಹೇಳುವವರು ಯಾರು? ಒಂದನ್ನೂ ಹೊಡೆಯಬೇಡಿ. ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ.

ಪಾಂಡವಪುರ: ಛತ್ರಿ ಕಡ್ಡಿಯಿಂದ ತಳ್ಳಿದರೆ ಬರುತ್ತಾ?

ರಿಪೇರಿಯವರು: ನಳಿಕೆಯೊಳಗಿನ ಗೆರೆ ಹಾಳಾಗುತ್ತದೆ. ಫೋನ್ ಮಾಡಿ, ರಿವಾಲ್ವರ್ ಮತ್ತು ಲೈಸೆನ್ಸ್ ಪುಸ್ತಕ ತನ್ನಿ. ಉಳಿದ ತೋಟಾ ತರಬೇಡಿ. ಬಿಚ್ಚಬೇಡಿ, ನಾಲೆಗೂ ಎಸೆಯಬೇಡಿ. ಮೊದಲು ವಕೀಲರ ಹತ್ತಿರ ಮಾತಾಡಿ, ಆಮೇಲೆ ಠಾಣೆಗೆ ಬರೆದುಕೊಟ್ಟು ಒಪ್ಪಿಸಿ.

ಮಳವಳ್ಳಿ: ಹಂದಿ ಕಾಟಕ್ಕೆ ಇಟ್ಟುಕೊಂಡ ಕೋವಿ ಚುನಾವಣೆಗೆ ಠಾಣೆಗೆ ಕೊಟ್ಟಿದ್ದೆ. ತುಕ್ಕು ಹಿಡಿದು ವಾಪಸ್ ಬಂದಿದೆ. ಏನು ಮಾಡಲಿ?

ಶ್ರೀರಂಗಪಟ್ಟಣ: ನಮ್ಮೂರಲ್ಲಿ ಟಿಪ್ಪು ಕಾಲದಲ್ಲೇ ಮದ್ದು, ರಾಕೆಟ್ ಮಾಡುತ್ತಿದ್ದರು. ಈಗ ಒಂದು ತೋಟಾ ತುಂಬಿದರೆ ಜೈಲಾ? ಇದು ಯಾವ ನ್ಯಾಯ?

ಹುಣಸೂರು: ಮಾಡುತ್ತಿದ್ದವರು ಮದ್ದನ್ನು ಅಡುಗೆಮನೆಯಲ್ಲಿ ಇಡುತ್ತಿರಲಿಲ್ಲ ಗುರು. ನಿಮ್ಮೂರಿನ ಮದ್ದಿನ ಮನೆಗಳನ್ನೇ ನೋಡಿ. ದಪ್ಪ ಗೋಡೆ, ಅರ್ಧ ನೆಲದೊಳಗೆ. 2017ರಲ್ಲಿ ರೈಲು ಜೋಡಿ ಹಳಿಗಾಗಿ ಒಂದನ್ನು ಇಡಿಯಾಗಿ ಸರಿಸಿದರಲ್ಲ, ಅಂಥದ್ದು.

ಶ್ರೀರಂಗಪಟ್ಟಣ: ನಮ್ಮೂರ ಮದ್ದಿನ ಮನೆ ಬಗ್ಗೆ ನೀವು ನನಗೆ ಹೇಳಬೇಕಾ?

ಹುಣಸೂರು: ಗೊತ್ತಿದ್ದರೆ ಇಂಥ ಮಾತು ಬರುತ್ತಿರಲಿಲ್ಲ.

ಶ್ರೀರಂಗಪಟ್ಟಣ: ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಎಲ್ಲರಿಗೂ ಪಾಠ ಹೇಳೋಕೆ ಬರಬೇಡಿ.

ರಿಪೇರಿಯವರು: ಇಬ್ಬರೂ ನಿಲ್ಲಿಸಿ. ಇಲ್ಲಿ ಒಬ್ಬರ ನಳಿಕೆಯಲ್ಲಿ ಗುಂಡು ಸಿಕ್ಕಿಕೊಂಡಿದೆ.

ವಿಜಯನಗರ: ಅಪ್ಪ ತೀರಿಕೊಂಡರು. ಅವರ ರಿವಾಲ್ವರ್, ತೋಟಾ ಬೀರುವಿನಲ್ಲಿವೆ. ಇಟ್ಟುಕೊಳ್ಳಬಹುದಾ?

ರಿಪೇರಿಯವರು: ನಿಮ್ಮ ಹೆಸರಿಗೆ ಲೈಸೆನ್ಸ್ ಆಗುವವರೆಗೆ ಇಲ್ಲ. ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಜಮಾ ಮಾಡಿ ರಸೀದಿ ತಗೊಳ್ಳಿ. ಅದೇ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್.

ಮದ್ದೂರು: ಸಾರ್, ಮಾರುವುದಕ್ಕಲ್ಲ, ಸುಮ್ನೆ ಹವ್ಯಾಸಕ್ಕೆ. ಬೆಂಕಿಕಡ್ಡಿ ಮದ್ದು ಸಾಕು ಅಂತ ವಿಡಿಯೋದಲ್ಲಿ...

ರಿಪೇರಿಯವರು: ಮದ್ದೂರಿನವರೇ, ಉತ್ತರ ಮೇಲಿದೆ. ಆ ವಿಡಿಯೋ ಅಳಿಸಿ. ಇನ್ನೊಬ್ಬರಿಗೆ ಕಳಿಸಿದ್ದರೆ ಅವರಿಗೂ ಫೋನ್ ಮಾಡಿ ಬೇಡ ಅನ್ನಿ.

ಕುವೆಂಪುನಗರ: ಕೊಬ್ಬರಿ ಎಣ್ಣೆ ಬದಲು ಸೀಮೆಎಣ್ಣೆ ಆದರೆ?

ರಿಪೇರಿಯವರು: ಯಾವ ಎಣ್ಣೆಯೂ ಬೇಡ.

ಮಳವಳ್ಳಿ: ಸಾರ್, ನನ್ನ ತುಕ್ಕು?

ಪಾಂಡವಪುರ: ಅಣ್ಣಾ, ವಕೀಲರು ಸಿಕ್ಕರು. ತೋಟಾ ಡಬ್ಬಿ ಬೀಗ ಹಾಕಿ ಇಟ್ಟಿದ್ದೇನೆ. ನಾಳೆ ಅವರ ಜೊತೆ ಠಾಣೆಗೆ ಹೋಗುತ್ತೇನೆ, ಅಲ್ಲಿಂದ ನಿಮ್ಮ ಹತ್ತಿರ.

ರಿಪೇರಿಯವರು: ಹತ್ತು ಗಂಟೆಗೆ ಅಂಗಡಿ ತೆಗೆದಿರುತ್ತೇನೆ. ಸಿಲಿಂಡರ್ ಖಾಲಿ ಇದೆಯಾ ಅಂತ ಹೊರಡುವ ಮುಂಚೆ ಇನ್ನೊಮ್ಮೆ ನೋಡಿ.