ಬಿಸಿಲು ಬಂದ ದಿನ ಮಾತ್ರ ಹ್ಯಾಂಗ್ ಆಗುವ ಟಾಮ್‌ಕ್ಯಾಟ್, ಜೊತೆಗೆ 404 ಮತ್ತು ಪ್ರಶ್ನೆಚಿಹ್ನೆ ಕಾಟ

ಸುಂಟಿಕೊಪ್ಪ ಹುಡುಗ | ಬುಧವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನನ್ನ ಮಾವನದ್ದು ಕಾಫಿ ಖರೀದಿ ಅಂಗಡಿ. ತೂಕ, ಮಾಯಿಶ್ಚರ್ (ತೇವಾಂಶ), ಔಟ್‌ಟರ್ನ್ (ಚೆರಿಯಿಂದ ಸಿಗೋ ಬೀಜದ ಪ್ರಮಾಣ), ಕೊಡಬೇಕಾದ ದುಡ್ಡು ಎಲ್ಲ ಹಾಕೋಕೆ ಕಾಲೇಜಲ್ಲಿದ್ದಾಗ ಒಂದು ಜಾವಾ ವೆಬ್ ಆ್ಯಪ್ ಬರೆದುಕೊಟ್ಟಿದ್ದೆ. ಬರೀ ಸರ್ವ್‌ಲೆಟ್ (ಬ್ರೌಸರ್ ಕಳಿಸಿದ್ದಕ್ಕೆ ಉತ್ತರ ಕೊಡೋ ಜಾವಾ ಕ್ಲಾಸ್), ಜೆಎಸ್‌ಪಿ (ಜಾವಾ ಬೆರೆಸಿದ ವೆಬ್ ಪುಟ), ಮೈಎಸ್‌ಕ್ಯುಎಲ್ ಡೇಟಾಬೇಸ್, ಸ್ಪ್ರಿಂಗ್ ಗಿಂಗ್ ಅಂತ ಫ್ರೇಮ್‌ವರ್ಕ್ ಏನೂ ಇಲ್ಲ. ಅದನ್ನು ಓಡಿಸೋ ಸರ್ವರ್ ಟಾಮ್‌ಕ್ಯಾಟ್ 8.5ರಲ್ಲಿ ನಾಲ್ಕು ಸೀಸನ್ ತಕರಾರಿಲ್ಲದೆ ಓಡಿತ್ತು.

ಹೋದ ಮಳೆಗಾಲದಲ್ಲಿ ಆ ಪಿಸಿ ಸತ್ತೋಯ್ತು. ಹೊಸ ಮೆಷಿನ್‌ಗೆ ಉಬುಂಟು, ಜಾವಾ 17, ಟಾಮ್‌ಕ್ಯಾಟ್ 10.1, ಮೈಎಸ್‌ಕ್ಯುಎಲ್ 8 ಹಾಕಿ, ಹಳೇ ಡಂಪ್ (ಡೇಟಾಬೇಸ್ ಬ್ಯಾಕಪ್) ರಿಸ್ಟೋರ್ ಮಾಡಿದೆ. ಅಲ್ಲಿಂದ ಮೂರು ಕಾಟ.

ಒಂದು, ವಾರ್ ಫೈಲನ್ನು (ಇಡೀ ಆ್ಯಪ್‌ನ ಪ್ಯಾಕೆಟ್) ಟಾಮ್‌ಕ್ಯಾಟ್‌ನ ವೆಬ್‌ಆಪ್ಸ್ ಫೋಲ್ಡರಿಗೆ ಹಾಕಿದರೆ ಲಾಗಿನ್ ಪುಟ ಬರುತ್ತೆ, ಬಟನ್ ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ ಅನ್ನೋ ಎರರ್. ಯಾರೋ ಹೇಳಿದರು ಅಂತ ವೆಬ್‌ಆಪ್ಸ್-ಜಾವಾಇಇ ಅನ್ನೋ ಫೋಲ್ಡರ್ ಮಾಡಿ ಅಲ್ಲಿ ಹಾಕಿದೆ, ಓಡ್ತಿದೆ. ಯಾಕೆ ಅಂತ ಗೊತ್ತಿಲ್ಲ.

ಎರಡು, ಹೊಸದಾಗಿ ಹಾಕಿದ ಹೆಸರು, ಊರು ಎಲ್ಲ ಪ್ರಶ್ನೆಚಿಹ್ನೆ. ಹಳೇ ದಾಖಲೆ ಮಾತ್ರ ಸರಿಯಾಗಿ ಕನ್ನಡದಲ್ಲೇ ಕಾಣುತ್ತೆ!

ಮೂರನೇದು ತಲೆಕೆಡಿಸಿರೋದು. ಮಧ್ಯಾಹ್ನ 12, 1 ಗಂಟೆ ಹೊತ್ತಿಗೆ ಪುಟ ಸುತ್ತುತ್ತಾ ಕೂರುತ್ತೆ. ಎರರ್ ಇಲ್ಲ, ಏನಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿ. ಮೋಡ ಕವಿದ ದಿನ ಆರಾಮಾಗಿ ಓಡುತ್ತೆ, ಬಿಸಿಲು ಬಂತೋ, ಹ್ಯಾಂಗ್. ಮಾವ ಅಂತೂ "ಬಿಸಿಲಿಗೆ ಕಂಪ್ಯೂಟರ್ ಕಾಯ್ತದೆ" ಅಂತ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟಿದ್ದಾರೆ. ಟಾಮ್‌ಕ್ಯಾಟ್‌ನ ಕ್ಯಾಟಲಿನಾ ಲಾಗ್‌ನಲ್ಲೂ ಏನೂ ಇಲ್ಲ.

ಹೀಪ್ ಹನುಮ | ಬುಧವಾರ, ರಾತ್ರಿ 10.15

ಎಕ್ಸ್‌ಎಂಎಕ್ಸ್ (ಜಾವಾದ ಮೆಮೊರಿ, ಅಂದರೆ ಹೀಪ್‌ನ ಮಿತಿ) 4 ಜಿಬಿ ಮಾಡಿ ನೋಡು. ಇಲ್ಲ ಅಂದ್ರೆ ಜಾವಾ ಬಿಟ್ಟು ನೋಡ್ ಜೆಎಸ್‌ಗೆ ಬಾ.

ಮೆಣಸುಬಳ್ಳಿ | ಬುಧವಾರ, ರಾತ್ರಿ 10.40

ಹೀಪ್ ಸಾಲದಿದ್ದರೆ ಔಟ್ ಆಫ್ ಮೆಮೊರಿ ಅಂತ ಲಾಗ್ ಕೂಗಿ ಹೇಳುತ್ತೆ, ಇಲ್ಲಿ ಲಾಗ್ ಬಾಯಿ ಮುಚ್ಚಿಕೊಂಡಿದೆ. ಸದ್ಯಕ್ಕೆ ಮೆಮೊರಿ ಮುಟ್ಟಬೇಡಿ.

ವಿರಾಜಪೇಟೆಯಿಂದ ಫೋನಲ್ಲಿ ಟೈಪ್ ಮಾಡ್ತಿದ್ದೀನಿ, ಇವತ್ತೂ ಕರೆಂಟ್ ಇಲ್ಲ. ಹಾಗಾಗಿ ಕೋಡ್ ಹಾಕೋಕಾಗಲ್ಲ, ಬಾಯಲ್ಲೇ ಹೇಳ್ತೀನಿ.

404 ಸುಲಭದ್ದು. ಸರ್ವ್‌ಲೆಟ್, ಜೆಎಸ್‌ಪಿ ಎಲ್ಲ ಸೇರಿರೋ ಜಾವಾ ಇಇ 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ ಕೈಗೆ ಹೋಯ್ತು, ಮುಂದೆ ಹೆಸರು ಜಕಾರ್ತಾ ಇಇ ಆಯ್ತು. 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜ್ ಹೆಸರೇ ಬದಲಾಯ್ತು: ಜಾವಾಎಕ್ಸ್ ಡಾಟ್ ಸರ್ವ್‌ಲೆಟ್ ಇದ್ದದ್ದು ಜಕಾರ್ತಾ ಡಾಟ್ ಸರ್ವ್‌ಲೆಟ್. ಟಾಮ್‌ಕ್ಯಾಟ್ 10 ಹುಡುಕೋದು ಹೊಸ ಹೆಸರಿನ ವೆಬ್‌ಸರ್ವ್‌ಲೆಟ್ ಅನೋಟೇಶನ್ (ಕ್ಲಾಸ್ ಮೇಲೆ ಬರೆಯೋ ಗುರುತು). ನಿಮ್ಮ ಕ್ಲಾಸ್ ಮೇಲಿರೋ ಹಳೇದು ಅದರ ಕಣ್ಣಿಗೆ ಬೀಳೋದೇ ಇಲ್ಲ, ಅದಕ್ಕೇ 404. ಜೆಎಸ್‌ಪಿಯನ್ನು ಟಾಮ್‌ಕ್ಯಾಟ್ ತಾನೇ ಹೊಸದಾಗಿ ಕಂಪೈಲ್ ಮಾಡುತ್ತೆ, ಹಾಗಾಗಿ ಲಾಗಿನ್ ಪುಟ ಬಂತು. ಆ ಜಾವಾಇಇ ಫೋಲ್ಡರಿಗೆ ಹಾಕಿದ ವಾರ್ ಅನ್ನು ಟಾಮ್‌ಕ್ಯಾಟ್ ಹೊಸ ಹೆಸರಿಗೆ ಪರಿವರ್ತಿಸಿಕೊಂಡು ಓಡಿಸುತ್ತೆ. ತಾತ್ಕಾಲಿಕಕ್ಕೆ ಓಕೆ, ಆದರೆ ನಿಮ್ಮ ಹತ್ರ ಸೋರ್ಸ್ ಇದೆಯಲ್ಲ, ಅಲ್ಲೇ ಬದಲಾಯಿಸಿಬಿಡಿ.

ಹಾಗಂತ ಫೈಂಡ್-ರಿಪ್ಲೇಸ್ ಹಾಕಿ ಜಾವಾಎಕ್ಸ್ ಇರೋದನ್ನೆಲ್ಲ ಜಕಾರ್ತಾ ಮಾಡಬೇಡಿ. ಜಾವಾಎಕ್ಸ್ ಡಾಟ್ ಎಸ್‌ಕ್ಯುಎಲ್, ಜಾವಾಎಕ್ಸ್ ಡಾಟ್ ನೇಮಿಂಗ್ ಎರಡೂ ಜೆಡಿಕೆಯವು, ಅಂದರೆ ಜಾವಾ ಜೊತೆಗೇ ಬರೋವು, ಹಾಗೇ ಇರಬೇಕು. ಇದರಲ್ಲಿ ನಾನೇ ಅರ್ಧ ದಿನ ಕಳೆದಿದ್ದೀನಿ. ವೆಬ್-ಇನ್ಫ್ ಲಿಬ್ ಒಳಗೆ ಹಳೇ ಜೆಎಸ್‌ಟಿಎಲ್ 1.2 (ಜೆಎಸ್‌ಪಿಯ ಟ್ಯಾಗ್ ಲೈಬ್ರರಿ) ಇದ್ದರೆ ಅದನ್ನೂ ಜಕಾರ್ತಾದ್ದಕ್ಕೆ ಬದಲಾಯಿಸಿ. ಸರ್ವ್‌ಲೆಟ್ ಎಪಿಐ ಜಾರ್ ಅಲ್ಲಿ ಇರಲೇಬಾರದು.

ಎರಡನೇದಕ್ಕೆ ಎರಡು ಪ್ರಶ್ನೆ. ಹೊಸ ಎಂಟ್ರಿಯಲ್ಲಿ 'ಮಡಿಕೇರಿ' ಅಂತ ಹಾಕಿದರೆ ಎಷ್ಟು ಪ್ರಶ್ನೆಚಿಹ್ನೆ ಬರುತ್ತೆ? ಎಣಿಸಿ ಹೇಳಿ. ಹಳೇ ದಾಖಲೆಯೊಂದನ್ನು ಬ್ರೌಸರಲ್ಲಿ ಅಲ್ಲ, ಮೈಎಸ್‌ಕ್ಯುಎಲ್ ಟರ್ಮಿನಲ್‌ನಲ್ಲಿ ಸೆಲೆಕ್ಟ್ ಮಾಡಿದರೆ ಹೇಗೆ ಕಾಣುತ್ತೆ?

ಸುಂಟಿಕೊಪ್ಪ ಹುಡುಗ | ಗುರುವಾರ, ಬೆಳಗ್ಗೆ 7.20

404 ಹೋಯ್ತು ಅಕ್ಕ! ಜಾವಾಎಕ್ಸ್ ಎಸ್‌ಕ್ಯುಎಲ್ ವಿಷಯ ಹೇಳದೇ ಇದ್ದಿದ್ದರೆ ಅದನ್ನೂ ಬದಲಾಯಿಸ್ತಿದ್ದೆ.

ಪ್ರಶ್ನೆಚಿಹ್ನೆ 7. ಹಳೇದು ಟರ್ಮಿನಲ್‌ನಲ್ಲಿ ವಿಚಿತ್ರ: ಮಡ ಅಂತ ಶುರುವಾಗಿ ಉದ್ದಕ್ಕೆ ಹೋಗುತ್ತೆ. ಕನ್ನಡವೇ ಇಲ್ಲ! ಬ್ರೌಸರಲ್ಲಿ ಮಾತ್ರ 'ಮಡಿಕೇರಿ' ಅಂತ ನೀಟಾಗಿ ಬರುತ್ತೆ.

ಹೇಳೋಕೆ ಮರೆತೆ, ಹೊಸ ಮೆಷಿನ್‌ಗೆ ಬಂದಾಗ ಎಲ್ಲ ಜೆಎಸ್‌ಪಿಗೂ ಪೇಜ್ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್ ಮಾಡೋ ಪದ್ಧತಿ) ಯುಟಿಎಫ್-8 ಅಂತ ಸೇರಿಸಿದ್ದೆ. ಮೊದಲು ಏನೂ ಇರಲಿಲ್ಲ.

ಮೆಣಸುಬಳ್ಳಿ | ಗುರುವಾರ, ಬೆಳಗ್ಗೆ 8.05

ಹಾಗಾದ್ರೆ ಪೂರ್ತಿ ಕಥೆ ಸಿಕ್ತು.

ಏನೂ ಹೇಳದಿದ್ದರೆ ಜೆಎಸ್‌ಪಿ ತನ್ನನ್ನು ಐಎಸ್ಒ-8859-1 (ಪಶ್ಚಿಮ ಯುರೋಪಿನ ಅಕ್ಷರಗಳ ಪಟ್ಟಿ) ಅಂದುಕೊಳ್ಳುತ್ತೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಅಂಥ ಪುಟದ ಫಾರ್ಮ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಬ್ರೌಸರ್ ಪ್ರತಿ ಅಕ್ಷರವನ್ನೂ ಅದರ ಯುನಿಕೋಡ್ ಸಂಖ್ಯೆಗೆ ಬದಲಾಯಿಸಿ ಕಳಿಸುತ್ತೆ. 3246 ಅಂದರೆ 'ಮ', 3233 ಅಂದರೆ 'ಡ'. ನಾಲ್ಕು ಸೀಸನ್ ನಿಮ್ಮ ಡೇಟಾಬೇಸಲ್ಲಿ ಕೂತಿದ್ದದ್ದು ಬರೀ ಅಂಕಿ. ವಾಪಸ್ ತೋರಿಸುವಾಗ ಬ್ರೌಸರ್ ಅದನ್ನೇ ಅಕ್ಷರ ಮಾಡಿ ತೋರಿಸ್ತಿತ್ತು. ತಪ್ಪೇ, ಆದರೆ ಎರಡೂ ಕಡೆ ಒಂದೇ ತಪ್ಪು ಆದ್ದರಿಂದ ಸರಿ ಅನ್ನಿಸ್ತಿತ್ತು.

ಒಂದು ಊಹೆ: ಊರಿನ ಕಾಲಂ ವಾರ್‌ಚಾರ್ 50 (ಹೆಚ್ಚೆಂದರೆ 50 ಜಾಗ) ಇರಬೇಕು, ಉದ್ದನೇ ಊರಿನ ಹೆಸರು ಹಾಕಿದರೆ ಎರರ್ ಬರ್ತಿತ್ತಾ? ಚಿಹ್ನೆ, ಅಂಕಿ ಎಲ್ಲ ಸೇರಿ ಒಂದು ಅಕ್ಷರಕ್ಕೆ ಏಳು ಜಾಗ ಬೇಕು. ಸ್ವರಚಿಹ್ನೆಗಳನ್ನೂ ಸೇರಿಸಿ 'ಮಡಿಕೇರಿ' ಏಳು ಅಕ್ಷರ, ಅಂದರೆ 49, ಹೇಗೋ ಹಿಡಿಸ್ತು. 'ಸುಂಟಿಕೊಪ್ಪ' 70 ಆಗುತ್ತೆ.

ಈಗ ಪುಟ ಯುಟಿಎಫ್-8 ಆದ್ದರಿಂದ ನಿಜವಾದ ಕನ್ನಡವೇ ಜಾವಾ ತನಕ ಬರ್ತಿದೆ. ಟಾಮ್‌ಕ್ಯಾಟ್ 10ರ ಕಾನ್ಫ್ ಫೋಲ್ಡರಿನ ವೆಬ್ ಎಕ್ಸ್‌ಎಂಎಲ್‌ನಲ್ಲೇ ರಿಕ್ವೆಸ್ಟ್‌ಗೆ ಯುಟಿಎಫ್-8 ಬರೆದಿದೆ, ಹಾಗಾಗಿ ಆ ಹಂತ ಸರಿ. (ಹಳೇ ಟಾಮ್‌ಕ್ಯಾಟ್‌ನಲ್ಲಾದರೆ ಗೆಟ್ ಪ್ಯಾರಾಮೀಟರ್ ಕರೆಯೋ ಮೊದಲೇ ಸೆಟ್ ಕ್ಯಾರೆಕ್ಟರ್ ಎನ್‌ಕೋಡಿಂಗ್ ಕರೆಯಬೇಕಿತ್ತು.) ಪ್ರಶ್ನೆಚಿಹ್ನೆ ಎಣಿಸೋಕೆ ಹೇಳಿದ್ದು ಇದಕ್ಕೇ. ಏಳು ಅಕ್ಷರಕ್ಕೆ ಏಳೇ ಚಿಹ್ನೆ ಅಂದರೆ ಜಾವಾಗೆ ಅದು ಏಳು ಅಕ್ಷರ ಅಂತ ಗೊತ್ತಿತ್ತು, ಅಲ್ಲಿಂದ ಡೇಟಾಬೇಸಿಗೆ ಕಳಿಸುವಾಗ ಕೊಂದಿದೆ. ತಲೆ ಮೇಲೆ ಗೀಟಿರೋ ರೋಮನ್ ಎ, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3, ಹೀಗೆ ಗೀಚಿದ ಹಾಗೆ ಕಂಡಿದ್ದರೆ ಬೇರೆ ರೋಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ ಮೂರು ಬೈಟ್. ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಅದನ್ನು 8859-1 ಅಂತ ಓದಿದರೆ ಆ ಗೀಟಿನ ಎ, ಪುಟ್ಟ 2, ಪುಟ್ಟ 3 ಬರುತ್ತೆ. ಅದು ಕಂಡರೆ ಖುಷಿಪಡಬೇಕು, ಬೈಟ್‌ಗಳು ಬದುಕಿವೆ, ವಾಪಸ್ ತರಬಹುದು. ಪ್ರಶ್ನೆಚಿಹ್ನೆ ಆದದ್ದು ಸತ್ತ ಹಾಗೆ.

ಜೆಡಿಬಿಸಿ ಯುಆರ್‌ಎಲ್ (ಜಾವಾಗೆ ಡೇಟಾಬೇಸ್ ವಿಳಾಸ ಹೇಳೋ ಸಾಲು) ಕೊನೆಯಲ್ಲಿ ಕ್ಯಾರೆಕ್ಟರ್ ಎನ್‌ಕೋಡಿಂಗ್ ಅಂತ ಏನಾದರೂ ಇದೆಯಾ?

ಸುಂಟಿಕೊಪ್ಪ ಹುಡುಗ | ಗುರುವಾರ, ಬೆಳಗ್ಗೆ 8.30

ಇದೆ! ಐಎಸ್ಒ-8859-1 ಅಂತ. ಯಾವುದೋ ಟ್ಯುಟೋರಿಯಲ್‌ನಿಂದ ಕಾಪಿ ಹೊಡೆದದ್ದು.

ಆ ಊರಿನ ಹೆಸರಿನ ವಿಷಯ ನಿಮಗೆ ಹೇಗೆ ಗೊತ್ತಾಯ್ತು ಅಕ್ಕ? ಉದ್ದ ಹೆಸರು ಹಾಕಿದರೆ ಎರರ್ ಬರುತ್ತೆ ಅಂತ ಮಾವ ಮೊದಲಿನಿಂದಲೂ 'ಸುಂ.ಕೊ' ಅಂತಲೇ ಬರೆಯೋದು.

ಯುಆರ್‌ಎಲ್‌ನಲ್ಲಿ ಯುಟಿಎಫ್8ಎಂಬಿ4 ಅಂತ ಹಾಕಿದೆ, ಈಗ ಕನೆಕ್ಷನ್ನೇ ಆಗ್ತಿಲ್ಲ.

ಹಳೇ ಟಾಮ್‌ಕ್ಯಾಟ್ | ಗುರುವಾರ, ಬೆಳಗ್ಗೆ 9.10

ಮಾರಾಯ್ರೆ, ಅಲ್ಲಿ ಬರೆಯಬೇಕಾದ್ದು ಜಾವಾಕ್ಕೆ ಗೊತ್ತಿರೋ ಹೆಸರು. ಎಂಬಿ4 ಅನ್ನೋದು ಮೈಎಸ್‌ಕ್ಯುಎಲ್ ಮನೆಯೊಳಗಿನ ಹೆಸರು. ಬರೀ ಯುಟಿಎಫ್-8 ಅಂತ ಹಾಕಿ, ಇಲ್ಲ ಆ ಪ್ಯಾರಾಮೀಟರನ್ನೇ ತೆಗೀರಿ, ಮೈಎಸ್‌ಕ್ಯುಎಲ್‌ನ ಈಗಿನ ಜಾವಾ ಕನೆಕ್ಟರ್‌ಗೆ ಅದೇ ಡೀಫಾಲ್ಟ್.

ಅದಾದ ಮೇಲೆ 'ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಅಂತ ಎರರ್ ಬರುತ್ತೆ, ಹೆದರಬೇಡಿ. ಮೈಎಸ್‌ಕ್ಯುಎಲ್ 8ರ ಡೀಫಾಲ್ಟ್ ಎಂಬಿ4 ಹೌದು, ಆದರೆ ಹಳೇ ಡಂಪ್‌ನಲ್ಲಿ ಟೇಬಲ್‌ಗಳು ಲ್ಯಾಟಿನ್1 (ಕನ್ನಡ ಇಲ್ಲದ ಪಟ್ಟಿ) ಅಂತಲೇ ಬರೆದುಕೊಂಡಿರ್ತವೆ, ರಿಸ್ಟೋರ್ ಆದಾಗ ಹಾಗೇ ಬಂದು ಕೂತಿರ್ತವೆ. ಬ್ಯಾಕಪ್ ತೆಗೆದು, ಒಂದೊಂದು ಟೇಬಲ್‌ಗೂ ಆಲ್ಟರ್ ಟೇಬಲ್, ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಕೊಡಿ. ಆ ಅಂಕಿಗಳನ್ನು ಅಕ್ಷರ ಮಾಡೋಕೆ ಒಂದು ಸಣ್ಣ ಮೇನ್ ಪ್ರೋಗ್ರಾಂ ಸಾಕು, ಅಪಾಚೆ ಕಾಮನ್ಸ್ ಟೆಕ್ಸ್ಟ್ ಲೈಬ್ರರಿಯಲ್ಲಿ ಅನ್‌ಎಸ್ಕೇಪ್ ಎಚ್‌ಟಿಎಂಎಲ್4 ಇದೆ. ಪ್ರಶ್ನೆಚಿಹ್ನೆ ಆದವನ್ನು ಮಾತ್ರ ಕಾಗದದ ಚೀಟಿ ನೋಡಿ ಮತ್ತೆ ಹಾಕಬೇಕು.

ಈಗ ಬಿಸಿಲಿನ ವಿಷಯಕ್ಕೆ ಬರೋಣ. ಬಿಸಿಲು ಬಂದ ದಿನ ನಿಮ್ಮ ಅಂಗಡೀಲಿ ಏನಾಗುತ್ತೆ?

ಸುಂಟಿಕೊಪ್ಪ ಹುಡುಗ | ಗುರುವಾರ, ಬೆಳಗ್ಗೆ 9.25

ಅಂದ್ರೆ? ಕಣದಲ್ಲಿ ರೋಬಸ್ಟಾ ಚೆರಿ ಒಣಗಿರುತ್ತೆ, ಜನ ಜೀಪಲ್ಲಿ ಚೀಲ ತುಂಬಿಕೊಂಡು ಬರ್ತಾರೆ. ಮೋಡ ಇದ್ದರೆ ಎಲ್ಲ ಟಾರ್ಪಾಲ್ ಮುಚ್ಚಿಕೊಂಡು ಮನೇಲಿರ್ತಾರೆ...

ಓ.

ಹಳೇ ಟಾಮ್‌ಕ್ಯಾಟ್ | ಗುರುವಾರ, ಬೆಳಗ್ಗೆ 9.40

ಹಾಂ. ಫ್ಯಾನ್ ಮಾವನ ಕಡೆಗೆ ತಿರುಗಿಸಿ.

ಇಂತಿಷ್ಟು ಎಂಟ್ರಿ ಆದಮೇಲೆ ನಿಲ್ಲುತ್ತೆ, ರೀಸ್ಟಾರ್ಟ್ ಮಾಡಿದರೆ ಓಡುತ್ತೆ, ಲಾಗ್ ಖಾಲಿ. ನೂರಕ್ಕೆ ತೊಂಬತ್ತು ಸಲ ಅದು ಡೇಟಾಬೇಸ್ ಕನೆಕ್ಷನ್ ಸೋರಿಕೆ, ಅಂದರೆ ತಗೊಂಡ ಕನೆಕ್ಷನ್ ವಾಪಸ್ ಕೊಡದೇ ಇರೋದು. ಕಾಂಟೆಕ್ಸ್ಟ್ ಎಕ್ಸ್‌ಎಂಎಲ್‌ನಲ್ಲಿ ರಿಸೋರ್ಸ್ ಅಂತ ಡೇಟಾಸೋರ್ಸ್ ಕೊಟ್ಟಿದ್ದೀರಾ? ಕೊಟ್ಟಿದ್ದರೆ, ಅದರೊಳಗಿನ ಡಿಬಿಸಿಪಿ 2 ಪೂಲ್‌ಗೆ (ಕನೆಕ್ಷನ್‌ಗಳನ್ನು ಇಟ್ಟುಕೊಂಡು ಎರವಲು ಕೊಡೋದು) ಮ್ಯಾಕ್ಸ್ ಟೋಟಲ್, ಅಂದರೆ ಒಟ್ಟು ಕನೆಕ್ಷನ್ ಮಿತಿ, ಡೀಫಾಲ್ಟ್ 8. ಎಂಟೂ ಹೊರಗೆ ಹೋಗಿದ್ದರೆ ಒಂಬತ್ತನೆಯವ ಎಷ್ಟು ಹೊತ್ತು ಕಾಯಬೇಕು? ಮ್ಯಾಕ್ಸ್ ವೇಟ್ ಮಿಲಿಸ್ ಡೀಫಾಲ್ಟ್ ಮೈನಸ್ 1, ಅಂದರೆ ಕೊನೆತನಕ. ಎರರ್ ಬರದೇ ಪುಟ ಸುತ್ತುತ್ತಾ ಕೂರೋದು ಅದಕ್ಕೇ.

ನನ್ನ ಮಾತು ನಂಬಬೇಡಿ, ನೋಡಿ. ಮುಂದಿನ ಸಲ ಹ್ಯಾಂಗ್ ಆದಾಗ ರೀಸ್ಟಾರ್ಟ್ ಮಾಡೋ ಮೊದಲು ಜಾವಾದ ಜೆಸ್ಟ್ಯಾಕ್ ಟೂಲ್‌ಗೆ ಪ್ರಾಸೆಸ್ ನಂಬರ್ ಕೊಟ್ಟು ಥ್ರೆಡ್ ಡಂಪ್ (ಪ್ರತಿ ಥ್ರೆಡ್ ಎಲ್ಲಿ ನಿಂತಿದೆ ಅನ್ನೋ ಪಟ್ಟಿ) ತೆಗೀರಿ. ರೀಸ್ಟಾರ್ಟ್ ಮಾಡಿದರೆ ಸಾಕ್ಷಿ ಎಲ್ಲ ತೊಳೆದುಹೋಗುತ್ತೆ.

ಸುಂಟಿಕೊಪ್ಪ ಹುಡುಗ | ಶುಕ್ರವಾರ, ಮಧ್ಯಾಹ್ನ 1.10

ಇವತ್ತು ಒಳ್ಳೇ ಬಿಸಿಲು. 12.35ಕ್ಕೆ ನಿಂತಿತು. ಹೊರಗೆ ಮೂರು ಜೀಪು, ಮಾವ ಬೈತಾ ಇದ್ದರೂ ಮೊದಲು ಡಂಪ್ ತೆಗೆದೆ. 8080-ಎಕ್ಸೆಕ್ ಅಂತ ಹೆಸರಿರೋ ಹತ್ತೂ ಥ್ರೆಡ್ ಬಾರೋ ಆಬ್ಜೆಕ್ಟ್ (ಪೂಲ್‌ನಿಂದ ಎರವಲು ಪಡೆಯೋದು) ಅನ್ನೋ ಮೆಥಡ್‌ನಲ್ಲಿ ವೇಟಿಂಗ್.

ಆದರೆ ಕೊನೆಯಲ್ಲಿ ಕ್ಲೋಸ್ ಮಾಡ್ತಿದ್ದೀನಲ್ಲ ಸರ್! ತೂಕದ ಸರ್ವ್‌ಲೆಟ್ ಹೀಗಿದೆ: ಮೊದಲ ಸಾಲಲ್ಲಿ ಗೆಟ್ ಕನೆಕ್ಷನ್. ಆಮೇಲೆ ಚೀಲ, ತೂಕ, ಮಾಯಿಶ್ಚರ್ ಓದೋದು. ಮಾಯಿಶ್ಚರ್ ಖಾಲಿ ಇದ್ದರೆ 'ಮಾಯಿಶ್ಚರ್ ಹಾಕಿ' ಅಂತ ಅದೇ ಪುಟಕ್ಕೆ ಫಾರ್ವರ್ಡ್, ರಿಟರ್ನ್. ಇಲ್ಲದಿದ್ದರೆ ಇನ್ಸರ್ಟ್. ಕಡೇ ಸಾಲಲ್ಲಿ ಕ್ಲೋಸ್. ಮೊದಲು ಪೂಲ್ ಇಲ್ಲದೆ ನೇರ ಕನೆಕ್ಷನ್ ಕೊಡೋ ಡ್ರೈವರ್ ಮ್ಯಾನೇಜರ್ ಇತ್ತು, ಆಗ ಒಂದು ದಿನವೂ ಹೀಗಾಗಿಲ್ಲ.

ಮೆಣಸುಬಳ್ಳಿ | ಶುಕ್ರವಾರ, ಮಧ್ಯಾಹ್ನ 1.30

ಆ ರಿಟರ್ನ್ ನೋಡಿ. ಮಾಯಿಶ್ಚರ್ ಖಾಲಿ ಬಿಟ್ಟು ಎಂಟರ್ ಒತ್ತಿದಾಗೆಲ್ಲ ಕಡೇ ಸಾಲು ಮುಟ್ಟೋದೇ ಇಲ್ಲ, ಒಂದು ಕನೆಕ್ಷನ್ ಹೋಯ್ತು. ಎಂಟು ಸಲ ಆದರೆ ಅಂಗಡಿ ಬಂದ್. ಮೊದಲೂ ಸೋರ್ತಾನೇ ಇತ್ತು, ಆದರೆ ಆಗ ಮಿತಿ ಮೈಎಸ್‌ಕ್ಯುಎಲ್‌ನದ್ದು, ಡೀಫಾಲ್ಟ್ 151. ಅಷ್ಟು ತುಂಬೋ ಮೊದಲೇ ಸಂಜೆ ಪಿಸಿ ಆಫ್ ಮಾಡ್ತಿದ್ದಿರಿ ಅಂತ ಕಾಣುತ್ತೆ.

ಹಳೇ ಟಾಮ್‌ಕ್ಯಾಟ್ | ಶುಕ್ರವಾರ, ಮಧ್ಯಾಹ್ನ 2.00

ಹಾಗಂತ ರಿಟರ್ನ್ ಮೇಲೆ ಇನ್ನೊಂದು ಕ್ಲೋಸ್ ತುರುಕಬೇಡಿ. ಇನ್ಸರ್ಟ್ ಎಕ್ಸೆಪ್ಶನ್ ಎಸೆದರೆ ಮತ್ತೆ ಅದೇ ಕಥೆ. ಟ್ರೈ ಪಕ್ಕದ ಕಂಸದಲ್ಲೇ ಗೆಟ್ ಕನೆಕ್ಷನ್ ಬರೀರಿ, ಟ್ರೈ-ವಿತ್-ರಿಸೋರ್ಸಸ್. 2011ರ ಜಾವಾ 7ರಿಂದ ಇದೆ, ಯಾವ ದಾರಿಯಲ್ಲಿ ಹೊರಗೆ ಹೋದರೂ ಅದೇ ಮುಚ್ಚುತ್ತೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್, ರಿಸಲ್ಟ್ ಸೆಟ್‌ಗೂ ಹಾಗೇ. ಮಾಯಿಶ್ಚರ್ ಪರೀಕ್ಷೆಯನ್ನು ಕನೆಕ್ಷನ್ ತಗೊಳ್ಳೋ ಮೊದಲೇ ಮಾಡಿ.

ರಿಸೋರ್ಸ್‌ನಲ್ಲಿ ಮ್ಯಾಕ್ಸ್ ವೇಟ್ ಮಿಲಿಸ್ 10000 ಹಾಕಿ, ಹತ್ತು ಸೆಕೆಂಡಿಗೆ ಎರರ್ ಆದರೂ ಬರಲಿ. ಲಾಗ್ ಅಬ್ಯಾಂಡನ್ಡ್, ರಿಮೂವ್ ಅಬ್ಯಾಂಡನ್ಡ್ ಆನ್ ಬಾರೋ ಎರಡೂ ಟ್ರೂ ಮಾಡಿ. ಕನೆಕ್ಷನ್ ಒಯ್ದು ವಾಪಸ್ ಕೊಡದ ಸಾಲು ಯಾವುದು ಅಂತ ಲಾಗ್‌ನಲ್ಲಿ ಸ್ಟ್ಯಾಕ್ ಟ್ರೇಸ್ ಸಮೇತ ಬರುತ್ತೆ. ಮ್ಯಾಕ್ಸ್ ಟೋಟಲ್ 100 ಮಾಡ್ತೀನಿ ಅಂತ ಹೊರಡಬೇಡಿ. ತೂತು ಬಿದ್ದ ಚೀಲದ ಬದಲು ದೊಡ್ಡ ತೂತು ಚೀಲ ತಂದ ಹಾಗೆ.

ಸುಂಟಿಕೊಪ್ಪ ಹುಡುಗ | ಸೋಮವಾರ, ಸಂಜೆ 6.45

ಶನಿವಾರ ರಾತ್ರಿ ಕೂತು ಎಲ್ಲ ಸರ್ವ್‌ಲೆಟ್ ಬದಲಾಯಿಸಿದೆ. ಇವತ್ತು ಬೆಳಗ್ಗೆಯಿಂದ ಸುಡು ಬಿಸಿಲು, 61 ಎಂಟ್ರಿ, ಒಂದು ಸಲವೂ ನಿಲ್ಲಲಿಲ್ಲ. ಲಾಗ್ ಅಬ್ಯಾಂಡನ್ಡ್ ಇನ್ನೊಂದು ಕಳ್ಳನನ್ನು ಹಿಡಿದುಕೊಟ್ಟಿತು: ದಿನದ ವರದಿ ಪುಟದಲ್ಲಿ ಜೆಎಸ್‌ಪಿಯೊಳಗೇ ಕನೆಕ್ಷನ್ ತೆಗೆದಿದ್ದೆ.

ತೂಕ ಮಾಡೋ ಹುಡುಗನನ್ನು ಕೇಳಿದೆ. ಮಾಯಿಶ್ಚರ್ ಮೀಟರ್ ತೋರಿಸೋಕೆ ಹೊತ್ತಾಗುತ್ತೆ, ಅಷ್ಟರಲ್ಲಿ ಸುಮ್ಮನೆ ಎಂಟರ್ ಒತ್ತಿ ನೋಡ್ತಾನಂತೆ.

ಕನ್ನಡವೂ ಸರಿಹೋಯ್ತು. ಮಾವ ಇವತ್ತು ಮೊದಲ ಸಲ 'ಸುಂಟಿಕೊಪ್ಪ' ಅಂತ ಪೂರ್ತಿ ಟೈಪ್ ಮಾಡಿ, ಸೇವ್ ಆಗಿದ್ದು ನೋಡಿ, ಇನ್ನೊಂದು ಸಲ ಟೈಪ್ ಮಾಡಿದರು. ಈಗ ಎರಡು ಎಂಟ್ರಿ ಇದೆ, ಒಂದನ್ನು ಅಳಿಸಬೇಕು.

ಇನ್ನೊಂದು ಕೇಳಲಾ? ಚೀಟಿಯ ಪಿಡಿಎಫ್‌ನಲ್ಲಿ ಪ ಒತ್ತು ಕೆಳಗೆ ಬರೋ ಬದಲು ಪಕ್ಕದಲ್ಲಿ ಬಂದು ಕೂರ್ತಿದೆ.

ಮೆಣಸುಬಳ್ಳಿ | ಸೋಮವಾರ, ಸಂಜೆ 7.15

ಅದಕ್ಕೆ ಬೇರೆ ಥ್ರೆಡ್ ತೆಗೀರಿ. ಯಾವ ಪಿಡಿಎಫ್ ಲೈಬ್ರರಿ, ಯಾವ ಆವೃತ್ತಿ, ಯಾವ ಫಾಂಟ್ ಅಂತ ಮೊದಲ ಪೋಸ್ಟ್‌ನಲ್ಲೇ ಬರೀರಿ.