ಹಿತ್ತಲ ಹೊಂಡದಲ್ಲಿ ಎಳೆ ಪಾಚಿ, ಜೊತೆಗೆ ಗೊದಮೊಟ್ಟೆ: ಏನು ಮಾಡಲಿ?

ಪ್ರಶ್ನೆ: ಹೊಂಡ 8 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ. ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ, ಒಳಗೆ ನೂರಾರು ಗೊದಮೊಟ್ಟೆ. ಅಡಿಕೆಗೆ ತಂದ ಮೈಲುತುತ್ತ ಉಳಿದಿದೆ, ಸ್ವಲ್ಪ ಹಾಕಬಹುದೇ?

ಉತ್ತರ 1: ಖಂಡಿತ ಬೇಡ. ಮೈಲುತುತ್ತದಲ್ಲಿರುವ ತಾಮ್ರ ಪಾಚಿಗಿಂತ ಮೊದಲು ಗೊದಮೊಟ್ಟೆಗಳನ್ನೇ ಕೊಲ್ಲಬಹುದು. ಪಾಚಿ ಒಮ್ಮೆಲೇ ಸತ್ತರೂ ಕಷ್ಟವೇ: ಕೊಳೆಯುವಾಗ ನೀರಿನ ಆಮ್ಲಜನಕ ಹೀರಿಕೊಳ್ಳುತ್ತದೆ. ಒರಟು ಮೈಯ ಕೋಲಿಗೆ ಶಾವಿಗೆಯಂತೆ ಸುತ್ತಿ ಎಳೆಯಿರಿ. ಒಂದು ಸಲಕ್ಕೆ ಮೂರನೇ ಒಂದು ಪಾಲು ಮಾತ್ರ, ಮುಂದಿನದು ವಾರ ಬಿಟ್ಟು. ತೆಗೆದದ್ದನ್ನು ಹೊಂಡದ ನೀರು ತುಂಬಿದ ಬಕೆಟ್ಟಿನಲ್ಲಿ ಜಾಲಾಡಿಸಿ. ಎಳೆಗಳಲ್ಲಿ ಸಿಕ್ಕಿಕೊಂಡ ಮರಿಗಳು ಕೆಳಗಿಳಿಯುತ್ತವೆ, ವಾಪಸ್ ಸುರಿಯಿರಿ. ಪಾಚಿ ಗೊಬ್ಬರದ ಗುಂಡಿಗೆ. ಎಲ್ಲವನ್ನೂ ಬಳಿಯಬೇಡಿ, ಗೊದಮೊಟ್ಟೆಗೆ ಅದೇ ಊಟ.

ಉತ್ತರ 2: ಮೂಲ ನೋಡಿ. ಕೊಟ್ಟಿಗೆ ತೊಳೆದ ನೀರು ಅತ್ತ ಹರಿಯುತ್ತಿದೆಯೇ? ಹಾಗಿದ್ದರೆ ಅಂಚಿಗೆ ಅರ್ಧ ಅಡಿ ಮಣ್ಣಿನ ಬದು ಕಟ್ಟಿ. ಬಿದ್ದ ಎಲೆ ಆಗಾಗ ತೆಗೆಯಿರಿ. ನೈದಿಲೆ ಅರ್ಧ ಮೇಲ್ಮೈ ಮುಚ್ಚಿದರೆ ಬಿಸಿಲು ಕಮ್ಮಿಯಾಗಿ ಪಾಚಿ ತಾನೇ ಸೋಲುತ್ತದೆ. ಕುಂಡಕ್ಕೆ ಬರೀ ಜೇಡಿಮಣ್ಣು, ಸಗಣಿ ಗೊಬ್ಬರ ಬೇಡವೇ ಬೇಡ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹಾರಿದ ಮೇಲೆ ಹಾಕಿ.

ಉತ್ತರ 3: ಪಾಚಿ ತಿನ್ನಲಿ ಅಂತ ಮೀನು ಬಿಡುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅವು ಮೊದಲು ಮೊಟ್ಟೆ ಮುಗಿಸುತ್ತವೆ. ಮತ್ತೆ, ನೀರಿನ ಮೇಲೆ ಬಾಗಿದ ರೆಂಬೆಯಲ್ಲಿ ಬಿಳಿ ನೊರೆಯುಂಡೆ ಕಂಡರೆ ಕತ್ತರಿಸಬೇಡಿ. ಅದು ಮರಗಪ್ಪೆಯ ಗೂಡು.