ಬ್ಲೋವರ್ ಸುಟ್ಟಿತು, ಕೊಳಚೆ ನಾಲಾ ಸೇರಿತು: ನೋಟಿಸಿಗೆ ಏನೆಂದು ಉತ್ತರಿಸಬೇಕು?

ಸಂಘದ ಕಾರ್ಯದರ್ಶಿ, ಹುಬ್ಬಳ್ಳಿ
ನಮ್ಮದು ಉಣಕಲ್ ಕಡೆಯ 120 ಮನೆಗಳ ಅಪಾರ್ಟ್‌ಮೆಂಟ್. ಶನಿವಾರ ರಾತ್ರಿ ಒಂದು ಫೇಸ್ ಹೋಗಿ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ತೊಟ್ಟಿಗೆ ಗಾಳಿ ಊದುವ ಬ್ಲೋವರ್‌ನ ಮೋಟಾರ್ ಸುಟ್ಟಿತು. ಎರಡನೆಯ ಬ್ಲೋವರ್ ದೀಪಾವಳಿಗೆ ಮೊದಲೇ ಬೇರಿಂಗ್ ಹೋಗಿ ಕುಳಿತಿತ್ತು. ಭಾನುವಾರ ರಿವೈಂಡಿಂಗ್ ಅಂಗಡಿ ಬಂದ್. ಸೋಮವಾರ ಬೆಳಿಗ್ಗೆ ತೊಟ್ಟಿ ತುಂಬಿತೆಂದು ಆಪರೇಟರ್ ಬೈಪಾಸ್ ವಾಲ್ವ್ ತೆರೆದ. ಮಂಗಳವಾರ ಸಂಜೆಯವರೆಗೆ ನೀರು ಹಾಗೆಯೇ ನಾಲಾಕ್ಕೆ ಹರಿಯಿತು. ಯಾರೋ ವಿಡಿಯೊ ಕಳಿಸಿದ್ದಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸ್ ಬಂದಿದೆ. ‘ಅನಿರೀಕ್ಷಿತ ಯಾಂತ್ರಿಕ ದೋಷ’ ಎಂದು ಒಂದು ಪುಟ ಬರೆದು ಮುಗಿಸೋಣ ಎನ್ನುತ್ತದೆ ಸಮಿತಿ. ಬಲ್ಲವರು ಹೇಳಿ.

ಮೋಟಾರ್ ರಿಪೇರಿ, ಗದಗ
ಒಂದು ಫೇಸ್ ತಪ್ಪಿದರೆ ಉಳಿದೆರಡರ ಮೇಲೆ ಭಾರ ಬಿದ್ದು ವೈಂಡಿಂಗ್ ಸುಡುವುದು ನಮ್ಮ ಅಂಗಡಿಯ ದಿನದ ಕಥೆ. ನಮ್ಮ ಕಡೆ ಮೆಣಸಿನಕಾಯಿ ಹೊಲದ ಬೋರ್‌ವೆಲ್‌ಗೂ, ಫೇಸ್ ತಪ್ಪಿದ ಕೂಡಲೇ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಹಾಕಿಸುತ್ತಾರೆ. ನಿಮ್ಮ ಪ್ಯಾನೆಲ್‌ನಲ್ಲಿ ಇರಲಿಲ್ಲವೇ?

ಕಾರ್ಯದರ್ಶಿ
ಇತ್ತು. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ ಅದನ್ನು ತಪ್ಪಿಸಿ ನೇರ ವೈರ್ ಕೊಟ್ಟಿದ್ದಾರೆ. ನನಗೆ ಗೊತ್ತಾಗಿದ್ದು ನಿನ್ನೆ.

ಮೂರನೇ ಮಹಡಿ
ನಾನೂ ಅದೇ ಅಪಾರ್ಟ್‌ಮೆಂಟಿನವನು. ಇದನ್ನು ಇಲ್ಲಿ ಬರೆಯುವ ಅಗತ್ಯವೇನಿತ್ತು ಸರ್? ಅರ್ಧ ಊರಿನ ಕೊಳಚೆ ಹೊತ್ತು ಹರಿಯುವ ನಾಲಾಕ್ಕೆ ನಮ್ಮ ಎರಡು ದಿನದ ನೀರು ಯಾವ ಲೆಕ್ಕ? ಆಪರೇಟರ್‌ನನ್ನು ಬದಲಿಸಿ, ಲಾಗ್‌ಬುಕ್‌ನಲ್ಲಿ ಬ್ಲೋವರ್ ಓಡಿದೆ ಎಂದು ಬರೆಸಿಬಿಡಿ.

ನಿವೃತ್ತ ಇಂಜಿನಿಯರ್, ಧಾರವಾಡ
ಲೆಕ್ಕ ಕೇಳಿದ್ದೀರಿ, ಕೊಡುತ್ತೇನೆ. ಮನೆಗೆ ನಾಲ್ವರೆಂದರೆ 480 ಜನ. ತಲೆಗೆ ದಿನಕ್ಕೆ 135 ಲೀಟರ್ ನೀರಿನ ಬಳಕೆ, ಅದರಲ್ಲಿ ಶೇ. 80 ಕೊಳಚೆ. ದಿನಕ್ಕೆ ಸುಮಾರು 52 ಸಾವಿರ ಲೀಟರ್. ಇನ್ನು ಲಾಗ್‌ಬುಕ್ ತಿದ್ದುವ ಮಾತು. ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇದ್ದರೆ ಸುಟ್ಟ ಮೋಟಾರ್ ಎಷ್ಟು ಯೂನಿಟ್ ತಿಂದಿತು ಎಂದು ಕೇಳುತ್ತಾರೆ. ಆಗೇನು ಹೇಳುತ್ತೀರಿ?

ಕಾರ್ಯದರ್ಶಿಗಳೇ, ಮೋಟಾರ್ ಕೂರಿಸಿದ ದಿನವೇ ನೀರು ಸರಿಹೋಗುವುದಿಲ್ಲ. ಆ ತೊಟ್ಟಿಯಲ್ಲಿ ಕೊಳಕನ್ನು ತಿನ್ನುವುದು ಜೀವಾಣುಗಳು. ಗಾಳಿ ನಿಂತ ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ, ಕಂದು ಬಗ್ಗಡ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಬೆಲ್ಲದ ನೀರು, ಸೆಗಣಿ ಸುರಿಯಿರಿ ಎನ್ನುವವರು ಬರುತ್ತಾರೆ. ಅದಕ್ಕಿಂತ ಚೆನ್ನಾಗಿ ನಡೆಯುತ್ತಿರುವ ಘಟಕದಿಂದ ಒಂದು ಟ್ಯಾಂಕರ್ ಜೀವಂತ ಬಗ್ಗಡ ತರಿಸಿ. ಚೇತರಿಸಿಕೊಳ್ಳಲು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ವಾಲ್ವ್ ಮುಚ್ಚಿ, ಹೆಚ್ಚಾದದ್ದನ್ನು ಸಕ್ಕಿಂಗ್ ಟ್ಯಾಂಕರ್‌ನಲ್ಲಿ ನಗರದ ಶುದ್ಧೀಕರಣ ಘಟಕಕ್ಕೆ ಸಾಗಿಸಿ.

ಮೂರನೇ ಮಹಡಿ
ಟ್ಯಾಂಕರ್ ಬಾಡಿಗೆ ಯಾರು ಕೊಡುತ್ತಾರೆ? ಒಬ್ಬನನ್ನು ಕೆಳಗಿಳಿಸಿ ಬಗ್ಗಡ ತೆಗೆಸಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ.

ನಿವೃತ್ತ ಇಂಜಿನಿಯರ್, ಧಾರವಾಡ
ಬೇಡ. ಈ ಮಾತನ್ನು ತಮಾಷೆಗೂ ಆಡಬೇಡಿ. ಅಲ್ಲಿರುವುದು ಹೈಡ್ರೋಜನ್ ಸಲ್ಫೈಡ್. ಮೊದಲು ಮೂಗಿಗೆ ವಾಸನೆ ತಿಳಿಯದಂತೆ ಮಾಡುತ್ತದೆ, ಆಮೇಲೆ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಇಳಿಸುವುದು ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಂತೆ ಅಪರಾಧ ಕೂಡ.

ವಕೀಲೆ, ಹಾವೇರಿ
1974ರ ಜಲ ಮಾಲಿನ್ಯ ಕಾಯ್ದೆಯ ಕಲಂ 31 ಓದಿ. ಅಪಘಾತದಿಂದಲೋ ಅನಿರೀಕ್ಷಿತ ಘಟನೆಯಿಂದಲೋ ಕಲುಷಿತ ನೀರು ಹೊರಹೋದರೆ, ಆ ಸ್ಥಳದ ಹೊಣೆ ಹೊತ್ತವರು ಕೂಡಲೇ ಮಂಡಳಿಗೆ ತಿಳಿಸಬೇಕು. ನೀವು ಭಾನುವಾರವೇ ತಿಳಿಸಬಹುದಿತ್ತು. ನೋಟಿಸ್ ಬಂದ ಮೇಲೆ ‘ಅನಿರೀಕ್ಷಿತ’ ಎಂದರೆ, ‘ಹಾಗಾದರೆ ಯಾಕೆ ತಿಳಿಸಲಿಲ್ಲ?’ ಎಂಬ ಪ್ರಶ್ನೆಯನ್ನು ನೀವೇ ಕೈಗೆ ಕೊಟ್ಟಂತೆ. ಮಾಲಿನ್ಯ ಮಾಡಿದವರು ಕಟ್ಟಬೇಕಾದ ಪರಿಸರ ಪರಿಹಾರದ ಸೂತ್ರದಲ್ಲಿ ಉಲ್ಲಂಘನೆಯ ದಿನಗಳೂ ಗುಣಿಸಲ್ಪಡುತ್ತವೆ. ಆದ್ದರಿಂದ ವಾಲ್ವ್ ಮುಚ್ಚಿದ ದಿನ, ಗಂಟೆಗೆ ದಾಖಲೆ ಇಡಿ. ಏನಾಯಿತೋ ಅಷ್ಟನ್ನೇ ಬರೆಯಿರಿ. ‘ನಮ್ಮ ನಿರ್ಲಕ್ಷ್ಯ’ ಎಂಬಂಥ ಪದ ಬೇಡ. ಎರಡನೆಯ ಬ್ಲೋವರ್ ವಿಷಯವನ್ನು ಅವರು ಕೇಳಿದಾಗ ಹೇಳಿದರಾಯಿತು.

ನಿವೃತ್ತ ಇಂಜಿನಿಯರ್, ಧಾರವಾಡ
ಕೊನೆಯ ಮಾತನ್ನು ಒಪ್ಪಲಾರೆ, ವಕೀಲರೇ. ಪರಿಶೀಲನೆಗೆ ಬಂದವರು ಮೊದಲು ಮುಟ್ಟುವುದೇ ಅದನ್ನು. ಬೆಲ್ಟ್ ಇಲ್ಲದ ಪುಲ್ಲಿಯ ಮೇಲೆ ತುಕ್ಕು ಕಂಡರೆ ಎಷ್ಟು ದಿನದಿಂದ ನಿಂತಿದೆ ಎಂದು ಕೇಳಬೇಕಾಗಿಲ್ಲ. ಯಂತ್ರ ಕೆಡುತ್ತದೆ ಎಂದೇ ಎರಡು ಇಡಿಸುತ್ತಾರೆ.

ಗಬ್ಬೂರಿನ ರೈತ
ನನ್ನದೊಂದು ಮಾತು. ನಾಲಾದ ನೀರು ನಮಗೆ ಹೊಸದಲ್ಲ. ಗಬ್ಬೂರು, ಬಿಡನಾಳದ ಕಡೆ ಬೇಸಿಗೆಯಲ್ಲಿ ಕಾಯಿಪಲ್ಲೆ ಬೆಳೆಯುವುದೇ ಅದರ ಮೇಲೆ, ಗೊಬ್ಬರದ ಖರ್ಚೂ ಉಳಿಯುತ್ತದೆ. ಹಾಗೆಂದು ಏನು ಬಿಟ್ಟರೂ ನಡೆಯುತ್ತದೆ ಎಂದಲ್ಲ. ಮಂಗಳವಾರ ನನ್ನ ಪಂಪಿನ ಫುಟ್‌ವಾಲ್ವ್‌ಗೆ ಕರಿ ರಾಡಿ ಕಟ್ಟಿಕೊಂಡಿತ್ತು. ಅದು ನಿಮ್ಮದೇ ಎಂದು ಹೇಳಲಾರೆ. ಮೇಲೆ ನಿಮ್ಮಂಥವರು ಎಷ್ಟು ಜನ ಇದ್ದಾರೋ! ಆದರೆ ಇಷ್ಟು ಹೊತ್ತು ಮಂಡಳಿಗೆ ಏನು ಬರೆಯಬೇಕು ಎಂದೇ ಮಾತಾಡಿದಿರಿ. ಕೆಳಗೆ ಪಾಲಕ್ ಸೊಪ್ಪಿಗೆ ನೀರು ಹಾಯಿಸುವವನಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗೊತ್ತಿದ್ದರೆ ಎರಡು ದಿನ ಪಂಪ್ ಹಚ್ಚುತ್ತಿರಲಿಲ್ಲ.

ವಕೀಲೆ, ಹಾವೇರಿ
ನಿಜ. ನನಗೂ ಹೊಳೆದಿರಲಿಲ್ಲ.

ಕಾರ್ಯದರ್ಶಿ
ಲಾಗ್‌ಬುಕ್ ತೆಗೆದು ನೋಡಿದೆ. ‘2ನೇ ಬ್ಲೋವರ್ ಬಂದ್, ರಿಪೇರಿ ಬೇಕು’ ಎಂದು ಆಪರೇಟರ್ ನಾಲ್ಕು ಕಡೆ ಬರೆದಿದ್ದಾನೆ. ಮೂರಕ್ಕೆ ನನ್ನದೇ ಸಹಿ ಇದೆ. ಆ ತಿಂಗಳು ನಾವು ಗೇಟಿನ ಕಮಾನಿಗೆ ಬಣ್ಣ ಹೊಡೆಸಿದೆವು. ಅವನನ್ನು ತೆಗೆಯುವ ಮಾತು ನನ್ನ ಮುಂದೆ ಬೇಡ. ಆ ನಾಲ್ಕು ಪುಟಗಳ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸುತ್ತೇನೆ.

ಮೂರನೇ ಮಹಡಿ
ಲಗತ್ತಿಸಿ. ದಂಡ ಬಿದ್ದರೆ ನನ್ನ ಪಾಲು ಕೊಡುವುದಿಲ್ಲ ಎಂದೂ ಬರೆದುಕೊಳ್ಳಿ.

ಮೋಟಾರ್ ರಿಪೇರಿ, ಗದಗ
ಸರ್, ಬೇರಿಂಗ್ ನಂಬರ್ ಕಳಿಸಿ. ಅಂಗಡಿಯಲ್ಲಿದ್ದರೆ ನಾಳೆ ಬೆಳಗಿನ ಬಸ್ಸಿಗೆ ಹಾಕುತ್ತೇನೆ. ಪ್ರಿವೆಂಟರ್ ಮಾತ್ರ ಮೊದಲು ಜೋಡಿಸಿರಬೇಕು.

ಕಾರ್ಯದರ್ಶಿ
ಕಳಿಸಿದ್ದೇನೆ. ಗಬ್ಬೂರಿನ ಯಜಮಾನರೇ, ನಿಮ್ಮ ಕಡೆ ಯಾರಿಗೆ ಫೋನ್ ಮಾಡಿದರೆ ಎಲ್ಲ ಪಂಪಿನವರಿಗೂ ಸುದ್ದಿ ಮುಟ್ಟುತ್ತದೆ? ಆ ನಂಬರನ್ನು ಪ್ಯಾನೆಲ್ ಬಾಗಿಲ ಮೇಲೆ ಬರೆಸುತ್ತೇನೆ.